ಮೊಬೈಲಿನಲ್ಲಿ ಅಳಿಸಿದರೆ ಗಣಕದಲ್ಲೂ ಅಳಿಯುತ್ತದೆ ಮಾರಾಯ್ರೆ!

ತಪ್ಪು ನಮ್ಮದೇ. ಅದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗುವುದು ಒಳ್ಳೆಯದು.

ಕಳೆದ ಶಾಲಾ ವರ್ಷದಲ್ಲಿ ನಮ್ಮ ಏಳನೇ ತರಗತಿಯ ಮಕ್ಕಳು ಊರಿನ ಹಿರಿಯರ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ವಿಷಯ ನೀರು. ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು: ನಮ್ಮಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು ಉಂಟು. ಮಳೆ ನೀರು ನಿಲ್ಲಿಸುವ ಮದಕಗಳು ಉಂಟು. ಮಳೆಗಾಲ ಮುಗಿದ ಮೇಲೆ ತೋಡಿಗೆ ಕಲ್ಲು ಮಣ್ಣು ಹಾಕಿ ಕಟ್ಟುವ ಕಟ್ಟಗಳು ಉಂಟು. ಸುರಂಗ ಕೊರೆದವರು, ಕಟ್ಟ ಕಟ್ಟಿದವರು ಈಗ ಬೆರಳೆಣಿಕೆಯಷ್ಟು ಮಂದಿ. ಅವರ ಮಾತಿನಲ್ಲಿ ಬರುವ ಶಬ್ದಗಳು ನಮ್ಮ ಪಠ್ಯಪುಸ್ತಕದಲ್ಲೂ ಇಲ್ಲ, ನಾವು ನೋಡಿದ ನಿಘಂಟಿನಲ್ಲೂ ಇಲ್ಲ. ಹವ್ಯಕದ್ದು ಸ್ವಲ್ಪ, ತುಳುವಿನದು ಸ್ವಲ್ಪ, ಮಲಯಾಳದ್ದು ಒಂದಿಷ್ಟು ಸೇರಿದ ಕನ್ನಡ ಅದು. ಮಕ್ಕಳು ಒಟ್ಟು 41 ಧ್ವನಿ ಕಡತ ತಂದರು. ಎಲ್ಲವನ್ನೂ ನಮ್ಮ ಮೊಬೈಲಿಗೆ ಹಾಕಿಕೊಂಡೆವು. ಆ ಮೊಬೈಲಿನ ಫೋಲ್ಡರು ನಮ್ಮ ಲ್ಯಾಪ್‌ಟಾಪಿಗೆ ತನ್ನಷ್ಟಕ್ಕೆ ಸಿಂಕ್ ಆಗುವಂತೆ ಮೊದಲೇ ಮಾಡಿಟ್ಟಿದ್ದೆವು. ಎರಡೂ ಕಡೆ ಇದೆ, ಇನ್ನೇನು ಬೇಕು ಅಂತ ಹಾಯಾಗಿದ್ದೆವು.

ಮಾರ್ಚಿನಲ್ಲಿ ಶಾಲಾ ವಾರ್ಷಿಕೋತ್ಸವ. ಮಕ್ಕಳ ಕುಣಿತದ ವಿಡಿಯೋ ತೆಗೆಯಲು ಹೊರಟರೆ ಮೊಬೈಲಿನಲ್ಲಿ ಜಾಗ ಇಲ್ಲ. ಲ್ಯಾಪ್‌ಟಾಪಿನಲ್ಲಿ ಇದೆಯಲ್ಲ ಎಂದು ಆ ಫೋಲ್ಡರನ್ನು ಅಲ್ಲೇ ವೇದಿಕೆಯ ಪಕ್ಕದಲ್ಲಿ ನಿಂತು ಅಳಿಸಿಬಿಟ್ಟೆವು. ಬೇಸಿಗೆ ರಜೆ ಕಳೆಯಿತು. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಫೋಲ್ಡರು ಖಾಲಿ. ಕಸದ ಬುಟ್ಟಿಯಲ್ಲಿ ಮೂವತ್ತು ದಿನ ಇಟ್ಟುಕೊಂಡು ಅದೂ ಶುಚಿಯಾಗಿತ್ತು. ತಂತ್ರಾಂಶ ಏನೂ ತಪ್ಪು ಮಾಡಿರಲಿಲ್ಲ. ಎರಡೂ ಕಡೆ ಒಂದೇ ತೆರನಾಗಿ ಇಡು ಎಂದು ನಾವು ಹೇಳಿದ್ದೆವು, ಅದು ಹೇಳಿದ್ದನ್ನು ಮಾಡಿತ್ತು. ಒಂದು ಕಡೆ ಖಾಲಿ, ಇನ್ನೊಂದು ಕಡೆಯೂ ಖಾಲಿ.. ಸರಿಯಾಗಿಯೇ ಇದೆ!

ಇದನ್ನು ಶಿಕ್ಷಕರ ಕೋಣೆಯಲ್ಲಿ ಹೇಳಿದಾಗ ಒಬ್ಬರು ನಕ್ಕರು, ಇಬ್ಬರು ಮೆಲ್ಲಗೆ ತಮ್ಮ ತಮ್ಮ ಮೊಬೈಲು ತೆಗೆದು ನೋಡಿಕೊಂಡರು. ನಮ್ಮಲ್ಲಿ ಹೆಚ್ಚಿನವರು ಸಿಂಕ್ ಎಂದರೆ ಜೋಪಾನ ಎಂದು ತಿಳಿದಿದ್ದೇವೆ. ಅಲ್ಲ. ಸಿಂಕ್ ಎಂದರೆ ಎರಡು ಕಡೆಯನ್ನು ಸಮ ಮಾಡುವುದು. ಜೋಪಾನ ಎಂದರೆ ಒಂದು ಕಡೆ ಹೋದರೂ ಇನ್ನೊಂದು ಕಡೆ ಉಳಿಯುವುದು. ಇವೆರಡೂ ಬೇರೆ ಬೇರೆ ಕೆಲಸ, ಎಷ್ಟೋ ಸಲ ಒಂದಕ್ಕೊಂದು ವಿರುದ್ಧ ಕೆಲಸ. ನಮ್ಮ ತಕರಾರು ಇಷ್ಟೇ: ಗಡಿಯಾಚೆಯ ಕನ್ನಡ ಶಿಕ್ಷಕರು ಮೊಬೈಲು-ಗಣಕ ಸಿಂಕ್ ಮಾಡುವುದನ್ನು ಕಲಿತಷ್ಟು ಬೇಗ, ಅದರ ಹೊರಗೆ ಒಂದು ಪ್ರತಿ ಇಡುವುದನ್ನು ಕಲಿಯಲಿಲ್ಲ.

ಎಲ್ಲರಿಗೂ ಇದು ಅನ್ವಯಿಸುವುದಿಲ್ಲವೇ ಅಂತ ಕೇಳಬಹುದು. ಅನ್ವಯಿಸುತ್ತದೆ, ಆದರೆ ನಮಗೆ ಹೊಡೆತ ಜಾಸ್ತಿ. ಮಲಯಾಳ ಮಾಧ್ಯಮದ ಒಬ್ಬ ಮಾಷ್ಟ್ರು ತನ್ನ ಅಭ್ಯಾಸ ಹಾಳೆಗಳನ್ನು ಕಳೆದುಕೊಂಡರೆ ಅರ್ಧ ಗಂಟೆ ಅಂತರಜಾಲದಲ್ಲಿ ಹುಡುಕಿ ಅಂಥದ್ದೇ ಇನ್ನೊಂದನ್ನು ತರಬಲ್ಲರು. ನಮಗೆ ಸಿಗುವುದು ಎರಡೇ ಬಗೆ. ಒಂದು, ಕರ್ನಾಟಕದ ಶಿಕ್ಷಕರು ಹಾಕಿದ್ದು. ಭಾಷೆ ನಮ್ಮದೇ, ಪಠ್ಯಕ್ರಮ ಬೇರೆ. ಇನ್ನೊಂದು, ಕೇರಳದ್ದು, ಪಠ್ಯಕ್ರಮ ನಮ್ಮದೇ, ಭಾಷೆ ಬೇರೆ. ಎರಡರ ನಡುವೆ ಇರುವುದನ್ನು ನಾವೇ ರಾತ್ರಿ ಕುಳಿತು ಮಾಡಬೇಕು. ಹಾಗೆ ಮಾಡಿದ್ದು ಹೋದರೆ ಅದರ ಇನ್ನೊಂದು ಪ್ರತಿ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ.

2020ರ ಜೂನ್ 1ರಂದು ಕೇರಳದಲ್ಲಿ 'ಫಸ್ಟ್ ಬೆಲ್' ಆನ್‌ಲೈನ್ ತರಗತಿಗಳು ಶುರುವಾದದ್ದು ನೆನಪಿದೆಯಾ? ಕನ್ನಡದ ಮಕ್ಕಳಿಗಾಗಿ ಆ ಎರಡು ವರ್ಷ ನಾವೆಲ್ಲ ಎಷ್ಟು ಮಾಡಿದೆವು! ಧ್ವನಿ ಸಂದೇಶದಲ್ಲಿ ಪಾಠ, ಕೈಬರಹದ ಹಾಳೆಯ ಫೋಟೋ, ಮನೆಯ ಗೋಡೆಗೆ ಕರಿಹಲಗೆ ಒರಗಿಸಿ ತೆಗೆದ ವಿಡಿಯೋ. ಅಕ್ಕಲಕೋಟೆ, ಜತ್ತ, ತಾಳವಾಡಿ ಕಡೆಯ ಕನ್ನಡ ಶಿಕ್ಷಕರೂ ತಮ್ಮ ತಮ್ಮ ಕಡೆ ಇದನ್ನೇ ಮಾಡಿರಬೇಕು. ಈಗ ಅವೆಲ್ಲ ಎಲ್ಲಿವೆ? ನಮ್ಮ ಶಾಲೆಯಲ್ಲಿ ವಿಚಾರಿಸಿದೆವು. ಇಬ್ಬರ ಮೊಬೈಲು ಬದಲಾಗಿದೆ, ಒಬ್ಬರದ್ದು ಬಾವಿಗೆ ಬಿದ್ದಿದೆ (ನಗಬೇಡಿ, ನೀರು ಸೇದುವಾಗ ಅಂಗಿಯ ಕಿಸೆಯಿಂದ ಜಾರಿದ್ದು), ಒಬ್ಬರು ನಿವೃತ್ತರಾಗಿದ್ದಾರೆ. "ವಾಟ್ಸಾಪ್ ಗ್ರೂಪಿನಲ್ಲಿ ಇರ್ತದೆ ಬಿಡಿ" ಅಂದರು. ಗ್ರೂಪಿನಲ್ಲಿ ಇದ್ದದ್ದು ಮಸುಕಾದ ಒಂದು ಚೌಕ, ಒತ್ತಿದರೆ ಫೈಲು ಇಲ್ಲ, ಕಳಿಸಿದವರನ್ನು ಮತ್ತೊಮ್ಮೆ ಕಳಿಸಲು ಕೇಳಿ ಎಂಬ ಉತ್ತರ. ಕಳಿಸಿದವರ ಮೊಬೈಲು ಬಾವಿಯಲ್ಲಿ.

ವಾಟ್ಸಾಪಿನ ಮಾತು ಬಂದದ್ದಕ್ಕೆ ಹೇಳುತ್ತೇವೆ. ಅದು ಸಿಂಕ್ ಕೂಡ ಅಲ್ಲ, ಟಪಾಲು. ಫೋಟೋವನ್ನು ಮಾಮೂಲಿಯಾಗಿ ಕಳಿಸಿದರೆ ಕುಗ್ಗಿಸಿ ಕಳಿಸುತ್ತದೆ. ಹಳೆಯ ದಾಖಲೆಯ ಅಕ್ಷರ, ಶಾಸನದ ಕಲ್ಲು, ಮಕ್ಕಳ ಉತ್ತರ ಪತ್ರಿಕೆ ಇಂಥವನ್ನು 'ಡಾಕ್ಯುಮೆಂಟ್' ಎಂಬಲ್ಲಿ ಹೋಗಿ ಕಳಿಸಿದರೆ ಮಾತ್ರ ಇದ್ದ ಹಾಗೆಯೇ ಹೋಗುತ್ತದೆ. ಮೊಬೈಲಿನಿಂದ ಗಣಕಕ್ಕೆ ಫೈಲು ದಾಟಿಸಲು ತನಗೆ ತಾನೇ ವಾಟ್ಸಾಪ್ ಮಾಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಬಹಳ ಉಂಟು. ತುರ್ತಿಗೆ ಆದೀತು. ಅದನ್ನೇ ಕಪಾಟು ಅಂತ ನಂಬಬಾರದು.

ಇನ್ನು ಸಾಗಿಸಿದ್ದು ಓದಲು ಬರಬೇಕಲ್ಲ? ನಮ್ಮದು ಮೂರು ಕಡೆಯ ಸಂಸಾರ. ಶಾಲೆಯ ಗಣಕಗಳಲ್ಲಿ ಇರುವುದು ಕೈಟ್ ಸಂಸ್ಥೆಯ, ಉಬುಂಟು ಆಧಾರಿತ ಲಿನಕ್ಸ್. ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್. ಕೈಯಲ್ಲಿ ಆಂಡ್ರಾಯ್ಡ್. ನಮ್ಮ ಹಿರಿಯ ಸಹೋದ್ಯೋಗಿಗಳು ಹದಿನೈದು ಇಪ್ಪತ್ತು ವರ್ಷ ಹಳೆಯ ನುಡಿಯಲ್ಲೋ ಬರಹದಲ್ಲೋ ಟೈಪು ಮಾಡಿದ ಪ್ರಶ್ನೆಪತ್ರಿಕೆಗಳು ವಿಂಡೋಸಿನಲ್ಲಿ ಚೆನ್ನಾಗಿ ಕಾಣುತ್ತವೆ. ಅದೇ ಫೈಲು ಮೊಬೈಲಿಗೆ ಒಂದು ಬೈಟೂ ತಪ್ಪದೆ ಸಿಂಕ್ ಆಗುತ್ತದೆ. ತೆರೆದರೆ 'ಕನ್ನಡ' ಎಂಬ ಪದ ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗಿ, ತಲೆಗೆ ಗೀಟು ಹೊತ್ತ ಎ ಬಂದು, ನಡುವೆ ಬ್ರಿಟನ್ನಿನ ಪೌಂಡಿನ ಗುರುತೂ ಕಾಣಿಸಿಕೊಳ್ಳುತ್ತದೆ! ಏಕೆಂದರೆ ಆ ಫೈಲಿನೊಳಗೆ ಕನ್ನಡ ಇಲ್ಲವೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳಿವೆ. ಅವುಗಳಿಗೆ ಕನ್ನಡದ ಆಕಾರ ಕೊಡುತ್ತಿದ್ದದ್ದು ಆ ಫಾಂಟು. ಫಾಂಟು ಇಲ್ಲದ ಮೊಬೈಲಿಗೆ ಹೋದಾಗ ವೇಷ ಕಳಚಿತು.

ಯುನಿಕೋಡಿನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರದ್ದೇ ಜಾಗ ಸಿಕ್ಕಿದೆ. ಅದರಲ್ಲಿ ಬರೆದದ್ದು ಲಿನಕ್ಸ್, ವಿಂಡೋಸ್, ಮೊಬೈಲು ಎಲ್ಲ ಕಡೆ ಕನ್ನಡವೇ. ಈಗಿನ ನುಡಿ, ಬರಹಗಳಲ್ಲೂ ಯುನಿಕೋಡ್ ಉಂಟು, ಹಳತನ್ನು ಪರಿವರ್ತಿಸುವ ಸೌಲಭ್ಯವೂ ಉಂಟು. ಪರಿವರ್ತಿಸಿದ ಮೇಲೆ ಒಮ್ಮೆ ಕಣ್ಣು ಹಾಯಿಸಲೇಬೇಕು. ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡ ಎಂದುಕೊಂಡು ಏನೇನೋ ಆಗಿಬಿಡುತ್ತವೆ. ವಿಜ್ಞಾನದ ಪ್ರಶ್ನೆಪತ್ರಿಕೆಯ ಸೂತ್ರಗಳ ಗತಿ ನೋಡಲಾಗದು. "ಪಿಡಿಎಫ್ ಮಾಡಿಟ್ಟರೆ ಸರಿ ಕಾಣ್ತದಲ್ಲ" ಎನ್ನುವವರಿದ್ದಾರೆ. ಕಾಣುತ್ತದೆ, ಫಾಂಟು ಅದರೊಳಗೇ ಕೂತಿರುತ್ತದೆ. ಆದರೆ ಆ ಪಿಡಿಎಫಿನಲ್ಲಿ 'ಸುರಂಗ' ಅಂತ ಹುಡುಕಿ ನೋಡಿ, ಸಿಗುವುದಿಲ್ಲ. ಒಂದು ವಾಕ್ಯ ನಕಲು ಮಾಡಿ ಹಾಳೆಗೆ ಅಂಟಿಸಿ ನೋಡಿ, ಪುನಃ ಅದೇ ಪೌಂಡು.

ಕಡತದ ಹೆಸರಿನ ಒಂದು ತಮಾಷೆ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ನಾವು ಅಭಿಮಾನಕ್ಕೆ ಫೈಲಿನ ಹೆಸರನ್ನೂ ಕನ್ನಡದಲ್ಲೇ ಕೊಡುತ್ತೇವೆ. ಶಾಲೆಯ ಹೆಸರು, ಊರು, ತರಗತಿ, ವಿಷಯ, ಘಟಕ, ಕೊನೆಗೆ 'ತಿದ್ದಿದ ಅಂತಿಮ ಪ್ರತಿ' ಎಂದು ಒಂದು ಮಾರುದ್ದ. ವಿಂಡೋಸಿನಲ್ಲಿ ಉಳಿಯುತ್ತದೆ, ಲಿನಕ್ಸಿಗೋ ಮೊಬೈಲಿಗೋ ಬರುವಾಗ ಆ ಒಂದು ಫೈಲು ಮಾತ್ರ ಬಾರದೆ ನಿಲ್ಲುತ್ತದೆ. ತುಂಬ ದಿನ ಕಾರಣ ತಿಳಿಯಲಿಲ್ಲ. ಲಿನಕ್ಸಿನಲ್ಲಿ ಹೆಸರಿಗೆ ಇರುವ ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಅಂದರೆ 85 ಸಂಕೇತಕ್ಕೆ ಮುಗಿಯಿತು. ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. 'ಪ್ರಶ್ನೆಪತ್ರಿಕೆ' ಎಂಬ ಒಂದೇ ಪದ 14 ಸಂಕೇತ, 42 ಬೈಟ್! ಹಾಗಂತ ಇಂಗ್ಲಿಷಿನಲ್ಲಿ ಹೆಸರಿಡಿ ಎಂದು ನಾವು ಹೇಳುವುದಿಲ್ಲ. ಚಿಕ್ಕದಾಗಿ ಇಡಿ, ವರ್ಷವನ್ನು ಅಂಕಿಯಲ್ಲಿ ಮೊದಲು ಹಾಕಿ. ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಹಾಕಬೇಡಿ, ಅವನ್ನು ವಿಂಡೋಸ್ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಈಗ ಸಾಗಿಸುವ ದಾರಿಗಳು. ಕೇಬಲ್ ಹಾಕಿ ನಕಲು ಮಾಡುವುದು ಹಳೆಯ ಮತ್ತು ಈಗಲೂ ನಂಬಬಹುದಾದ ದಾರಿ. ಹಾಕಿದ ಕೂಡಲೇ ಮೊಬೈಲು 'ಚಾರ್ಜ್ ಮಾತ್ರ' ಎಂದು ಕುಳಿತಿರುತ್ತದೆ, ಅದನ್ನು ಫೈಲು ವರ್ಗಾವಣೆಗೆ ಬದಲಿಸಬೇಕು. ಗಣಕ ಮೊಬೈಲನ್ನು ಕಾಣುವುದಿಲ್ಲ ಎಂದು ಗೋಳಾಡುವ ಹತ್ತರಲ್ಲಿ ಎಂಟು ಮಂದಿಯ ಸಮಸ್ಯೆ ಇಷ್ಟೇ (ಉಳಿದಿಬ್ಬರದು ಕೇಬಲ್ ಹಾಳು). ಒಂದೇ ವೈಫೈಯಲ್ಲಿ ಇದ್ದರೆ ಕೆಡಿಇ ಕನೆಕ್ಟ್ ಎಂಬ ಉಚಿತ ತಂತ್ರಾಂಶ ಲಿನಕ್ಸಿಗೂ ಮೊಬೈಲಿಗೂ ನಡುವೆ ಫೈಲು ದಾಟಿಸುತ್ತದೆ, ಅಂತರಜಾಲವೇ ಬೇಡ. ಮಳೆಗಾಲದಲ್ಲಿ ವಾರಗಟ್ಟಲೆ ಅಂತರಜಾಲ ಇಲ್ಲದ ನಮ್ಮಂಥ ಶಾಲೆಗೆ ಇದು ದೊಡ್ಡ ಸಂಗತಿ.

ತನ್ನಷ್ಟಕ್ಕೆ ಸಿಂಕ್ ಆಗಬೇಕೆಂದರೆ ನಾವು ಈಗ ಬಳಸುವುದು ಸಿಂಕ್‌ಥಿಂಗ್. 2013ರಲ್ಲಿ ಶುರುವಾದ ಮುಕ್ತ ತಂತ್ರಾಂಶ. ನಡುವೆ ಯಾರ ಗೋದಾಮೂ ಇಲ್ಲ, ನಮ್ಮ ಮೊಬೈಲಿನಿಂದ ನಮ್ಮ ಗಣಕಕ್ಕೆ ನೇರ. ಆಂಡ್ರಾಯ್ಡಿನ ಮೂಲ ಆಪ್‌ ಅನ್ನು 2024ರ ಡಿಸೆಂಬರಿನ ನಂತರ ಅದನ್ನು ಮಾಡುತ್ತಿದ್ದವರು ನಿಲ್ಲಿಸಿದರು, ಅದರ ಕವಲನ್ನು ಬೇರೆಯವರು ನಡೆಸುತ್ತಿದ್ದಾರೆ. ಇದರಲ್ಲಿ ನಾವು ಮತ್ತೆ ಎಡವುತ್ತಿದ್ದ ಒಂದು ಜಾಗ ಉಂಟು. ಮೊಬೈಲಿಗೆ 'ಕಳುಹಿಸುವುದು ಮಾತ್ರ', ಗಣಕಕ್ಕೆ 'ಸ್ವೀಕರಿಸುವುದು ಮಾತ್ರ' ಎಂದು ಒಂದೇ ದಿಕ್ಕು ಇಟ್ಟುಬಿಟ್ಟರೆ ಸಾಕು ಅಂದುಕೊಂಡಿದ್ದೆವು. ಸಾಕಾಗುವುದಿಲ್ಲ! ಅಳಿಸಿದ ಸುದ್ದಿಯೂ ಅದೇ ದಿಕ್ಕಿನಲ್ಲಿ ಹೋಗುತ್ತದೆ. ಗಣಕದ ಕಡೆ ಹಳೆಯ ಪ್ರತಿ ಉಳಿಸುವ ವ್ಯವಸ್ಥೆಯನ್ನು ನಾವೇ ಚಾಲೂ ಮಾಡಬೇಕು, ಆಗ ಅಳಿಸಿದ್ದು ಬೇರೊಂದು ಫೋಲ್ಡರಿಗೆ ಹೋಗಿ ಕೂರುತ್ತದೆ. ಅದಕ್ಕಿಂತ ಸರಳವಾದದ್ದು ನಮ್ಮ ಈಗಿನ ಪದ್ಧತಿ: ಸಿಂಕ್ ಆಗುವ ಫೋಲ್ಡರು ಅಂಗಳ, ಅಲ್ಲಿಗೆ ಬಂದದ್ದನ್ನು ಪ್ರತಿ ಶನಿವಾರ 'ಕಣಜ' ಎಂಬ ಬೇರೆ ಫೋಲ್ಡರಿಗೆ ನಕಲು ಮಾಡುತ್ತೇವೆ. ಕಣಜಕ್ಕೂ ಮೊಬೈಲಿಗೂ ಸಂಬಂಧವೇ ಇಲ್ಲ. ಕಟ್ ಮಾಡಿ ಹಾಕುವುದಲ್ಲ, ಕಾಪಿ. ಎರಡೂ ದಿಕ್ಕಿನ ಸಿಂಕ್ ಇದ್ದಾಗ ಕಟ್ ಮಾಡಿದರೆ ಮೊಬೈಲಿನಿಂದಲೂ ಹೋಗುತ್ತದೆ.

ಗಡಿಯಾರದ ವಿಷಯ ಚುಟುಕಾಗಿ. ಯಾವುದು ಹೊಸ ಪ್ರತಿ ಎಂದು ತೀರ್ಮಾನಿಸಲು ಕೆಲವು ತಂತ್ರಾಂಶಗಳು ಫೈಲಿನ ದಿನಾಂಕ ನೋಡುತ್ತವೆ. ನಮ್ಮ ಲ್ಯಾಬಿನ ಒಂದು ಗಣಕದ ಒಳಗಿನ ಗುಂಡಿ ಬ್ಯಾಟರಿ ಸತ್ತು ವರ್ಷಗಳಾದವು, ಪ್ರತಿ ಸಲ ಆನ್ ಮಾಡಿದಾಗ ಅದಕ್ಕೆ 2009ನೇ ಇಸವಿ. ಅದರಲ್ಲಿ ಕುಳಿತು ಇಡೀ ಮಧ್ಯಾಹ್ನ ತಿದ್ದಿದ ಪ್ರಶ್ನೆಪತ್ರಿಕೆಯನ್ನು 'ಹಳೆಯದು' ಎಂದು ಪಕ್ಕಕ್ಕೆ ತಳ್ಳಿ, ತಪ್ಪುಗಳಿದ್ದ ಪ್ರತಿಯನ್ನೇ ಮುಂದಿಟ್ಟಿತು. ಬ್ಯಾಟರಿಗೆ ಐವತ್ತು ರೂಪಾಯಿಯೂ ಆಗುವುದಿಲ್ಲ.

ನಮ್ಮ ಜತೆಯ ಒಬ್ಬರು ಟೀಚರ್ ಇದನ್ನೆಲ್ಲ ಕೇಳಿ "ಎಂತಕ್ಕೆ ಇಷ್ಟು ತಲೆಬಿಸಿ ಸರ್, ಎಲ್ಲವನ್ನೂ ಗೂಗಲ್ ಡ್ರೈವಿಗೆ ಹಾಕಿದರೆ ಮುಗೀತಲ್ಲ" ಎಂದರು. ಅವರ ಮಾತು ಪೂರ್ತಿ ತಪ್ಪಲ್ಲ. ತುಲಾ ತಿಂಗಳ ಸಿಡಿಲಿಗೆ ಅವರ ಮನೆಯ ಗಣಕ ಸುಟ್ಟುಹೋದಾಗ ಅವರ ಪಾಠ ಟಿಪ್ಪಣಿ ಉಳಿದದ್ದು ಡ್ರೈವಿನಿಂದಲೇ. ಇದೇ ಸಿಡಿಲು ನಮ್ಮ ಮನೆಗೆ ಬಿದ್ದಿದ್ದರೆ ಕಣಜವೂ ಬೂದಿ. ಆದ್ದರಿಂದ ಊರ ಹೊರಗೆ ಒಂದು ಪ್ರತಿ ಬೇಕು, ಅದಕ್ಕೆ ಡ್ರೈವು ಸುಲಭ, ಇದನ್ನು ಒಪ್ಪಿದೆವು. ಒಪ್ಪದೇ ಇದ್ದದ್ದು 'ಮುಗೀತು' ಎಂಬ ಮಾತನ್ನು. ಉಚಿತವಾಗಿ ಸಿಗುವುದು 15 ಜಿಬಿ, ಮಿಂಚಂಚೆ, ಫೋಟೋ ಎಲ್ಲ ಸೇರಿ. ಫೋಟೋಗಳಿಗೆ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸಬಹುದು ಎಂಬ ನಿಯಮವೂ ಇದೆ. ಎಲ್ಲಕ್ಕಿಂತ ಮುಖ್ಯ, ಆ ಖಾತೆ ಯಾರದ್ದು? ಟೀಚರ್‌ದ್ದು. ಶಾಲೆಯದ್ದಲ್ಲ. ನಾಳೆ ಅವರಿಗೆ ವರ್ಗವಾದರೆ, ನಿವೃತ್ತರಾದರೆ, ಗುಪ್ತಪದ ಮರೆತರೆ, ಅವರ ಜತೆ ಆರು ವರ್ಷದ ಕನ್ನಡ ಅಭ್ಯಾಸ ಹಾಳೆಗಳೂ ಗೇಟು ದಾಟುತ್ತವೆ. ಅವರ ಜಾಗಕ್ಕೆ ಬರುವವರು ಒಂದರಿಂದ ಶುರುಮಾಡಬೇಕು. ಆ ಜಾಗಕ್ಕೆ ಕನ್ನಡ ಬಲ್ಲವರೇ ಬರುತ್ತಾರೆ ಎಂಬ ಖಾತ್ರಿ ನಮಗೆ ಇಲ್ಲ ಎಂಬುದು ಬೇರೆಯೇ ಸಂಕಟ, ಅದನ್ನು ಇನ್ನೊಮ್ಮೆ ಬರೆಯುತ್ತೇವೆ.

ಇನ್ನೊಂದೂ ಉಂಟು. ನಮ್ಮ ಮೊಬೈಲಿನಲ್ಲಿ ಮಕ್ಕಳ ಫೋಟೋ, ಅಂಕಪಟ್ಟಿ, ಮನೆಯವರ ದೂರವಾಣಿ ಸಂಖ್ಯೆ ಎಲ್ಲ ಇರುತ್ತದೆ. ನಾವು ಕೇಳದೆಯೇ ಅವು ನಮ್ಮ ವೈಯಕ್ತಿಕ ಖಾತೆಗೆ ಏರುತ್ತಿರುತ್ತವೆ. ನಮ್ಮ ಮಗನ ಮದುವೆಯ ಫೋಟೋ ನೋಡಲೆಂದು ಮೊಬೈಲು ತೆಗೆದುಕೊಂಡ ನೆಂಟರು ಎರಡು ಸಲ ಸವರಿದರೆ ಐದನೇ ತರಗತಿಯ ಆರೋಗ್ಯ ತಪಾಸಣೆಯ ಪಟ್ಟಿಗೆ ತಲುಪುತ್ತಾರೆ. ಶಾಲೆಯದ್ದಕ್ಕೆ ಬೇರೆ ಫೋಲ್ಡರು ಮಾಡಿ, ಅದೊಂದನ್ನು ಮಾತ್ರ ಶಾಲೆಯ ಗಣಕಕ್ಕೆ ಸಿಂಕ್ ಮಾಡಿದರೆ ಈ ಮುಜುಗರ ಅರ್ಧ ಕಡಿಮೆಯಾಗುತ್ತದೆ.

ಶಾಲೆಗೊಂದು ಹೊರಗಿನ ಹಾರ್ಡ್‌ಡಿಸ್ಕು ತೆಗೆಯೋಣ, ಅದರಲ್ಲಿ ಎಲ್ಲರ ಕಣಜ ಇರಲಿ, ವರ್ಷಕ್ಕೆರಡು ಸಲ ಇನ್ನೊಂದು ಕನ್ನಡ ಶಾಲೆಯ ಡಿಸ್ಕಿಗೆ ಅದಲುಬದಲು ಮಾಡೋಣ ಎಂದು ಶಿಕ್ಷಕರ ಸಭೆಯಲ್ಲಿ ಕೇಳಿದ್ದೇವೆ. ಅದಲುಬದಲಿಗೆ ಕೆಲವರಿಗೆ ಮನಸ್ಸಿಲ್ಲ. "ನಾವು ಮಾಡಿದ್ದನ್ನು ಅವರು ತಮ್ಮ ಹೆಸರು ಹಾಕಿ ಕೊಡ್ತಾರೆ" ಎನ್ನುವ ಸಂಶಯ. ಕೊಡಲಿ ಅಂತ ನಮ್ಮ ಅಭಿಪ್ರಾಯ! ಪಕ್ಕದ ಶಾಲೆಯವರು ಕದ್ದಾದರೂ ಇಟ್ಟುಕೊಂಡರೆ ಒಂದು ಪ್ರತಿ ಹೆಚ್ಚು ಉಳಿಯಿತು. ಡಿಸ್ಕಿಗೆ ಪಿಟಿಎಯವರು ಒಪ್ಪಿದ್ದಾರೆ, ಅದಲುಬದಲು ಇನ್ನೂ ಚರ್ಚೆಯಲ್ಲೇ ಇದೆ.

ಆ 41 ಕಡತಗಳಲ್ಲಿ 17 ಪುನಃ ಸಿಕ್ಕಿವೆ. ಮಕ್ಕಳು ಈಗ ಎಂಟನೆಯಲ್ಲಿದ್ದಾರೆ, ಕೆಲವರು ಬೇರೆ ಶಾಲೆಗೆ ಹೋಗಿದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಿ ಅಪ್ಪ ಅಮ್ಮಂದಿರ ಮೊಬೈಲಿನಲ್ಲಿ ಹುಡುಕಿದೆವು. ಒಂದು ಹುಡುಗಿ ಮಾತ್ರ ತಾನು ರೆಕಾರ್ಡ್ ಮಾಡಿದ ಮೂರನ್ನೂ ಅಪ್ಪನ ಜೀಪಿನ ಹಾಡಿನ ಪೆನ್‌ಡ್ರೈವಿಗೆ ಹಾಕಿಟ್ಟಿದ್ದಳು, ಹಾಡುಗಳ ನಡುವೆ ಅಜ್ಜನ ಮಾತು ಬರುತ್ತದಂತೆ. ಸುರಂಗ ಕೊರೆಯುವವರ ಮಾತಿದ್ದ ಉದ್ದದ ಕಡತ, ನಲವತ್ತು ನಿಮಿಷದ್ದು, ಎಲ್ಲೂ ಸಿಗಲಿಲ್ಲ.

ಮೊನ್ನೆ ಭಾನುವಾರ ಇಬ್ಬರು ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಪುನಃ ಹೋದೆವು. ಎಂಬತ್ತು ದಾಟಿದವರು. "ಆಗ ಎಲ್ಲ ಹೇಳಿದ್ದೇನಲ್ಲ ಮಾಷ್ಟ್ರೆ, ಅದು ಎಂತಾಯಿತು?" ಎಂದು ಕೇಳಿದರು. ಫೋನಿನಿಂದ ಹೋಯಿತು ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು. ಈ ಸಲ ಇಪ್ಪತ್ತೆರಡು ನಿಮಿಷಕ್ಕೆ ಮುಗಿಯಿತು. ಒಳಗೆ ದೀಪ ನಂದುವ ಹಾಗಾದರೆ ಗಾಳಿ ಸಾಲದೆಂದು ಹೊರಗೆ ಬರುತ್ತಿದ್ದ ಸಂಗತಿ ಹೇಳಿದರು. ಮೊದಲ ಸಲ ಹೇಳಿದ್ದ, ಮಣ್ಣಿನ ಬಣ್ಣ ನೋಡಿ ನೀರು ಎಷ್ಟು ದೂರ ಎಂದು ತಿಳಿಯುವ ಮಾತು ಬರಲಿಲ್ಲ. ಮಕ್ಕಳೇ ನೆನಪು ಮಾಡಿ ಕೇಳಿದರು. ಅದಕ್ಕೆ ಏನೋ ಒಂದು ಶಬ್ದ ಉಂಟು, ಈಗ ಬಾಯಿಗೆ ಬರುವುದಿಲ್ಲ ಎಂದರು. ಅವರ ಜಗಲಿಯಿಂದ ಎದ್ದು ಬರುವ ಮೊದಲೇ ಅದನ್ನು ಪೆನ್‌ಡ್ರೈವಿಗೆ ಹಾಕಿ, ಅವರ ಮೊಮ್ಮಗನ ಮೊಬೈಲಿಗೂ ಒಂದು ಪ್ರತಿ ಕೊಟ್ಟು ಬಂದೆವು. ಆ ಶಬ್ದ ನೆನಪಾದರೆ ಮೊಮ್ಮಗ ಫೋನು ಮಾಡುತ್ತಾನಂತೆ.